ವಿದ್ಯಾರ್ಥಿಗಳಿಗೆ ಲಿಂಕ್ಡ್‌ಇನ್: ಒಳ್ಳೆಯ ಪ್ರೊಫೈಲ್ ಸಿದ್ಧಪಡಿಸುವ ಬಗೆ

ಲಿಂಕ್ಡ್‌ಇನ್ ಎಂಬುದು ಉದ್ಯೋಗ ಮತ್ತು ವೃತ್ತಿ ಪರಿಚಯಗಳಿಗಾಗಿಯೇ ಇರುವ ಅಂತರ್ಜಾಲ ತಾಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೀಡ್ ಹಾಫ್‌ಮನ್ ಮತ್ತು ಅವರ ಜೊತೆಗಾರರು 2002ರ ಕೊನೆಯಲ್ಲಿ ಇದನ್ನು ಆರಂಭಿಸಿದರು. 2003ರ ಮೇ 5ರಂದು ಇದು ಸಾರ್ವಜನಿಕರಿಗೆ ತೆರೆಯಿತು. 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇದನ್ನು 2,620 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಇಂದು ಜಗತ್ತಿನಾದ್ಯಂತ 100 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ಅಮೆರಿಕದ ನಂತರ ಅತಿ ಹೆಚ್ಚು ಸದಸ್ಯರಿರುವುದು ಭಾರತದಲ್ಲಿ, 10 ಕೋಟಿಗೂ ಮೇಲ್ಪಟ್ಟು.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಜನರು ಮನೆಯ ಸಂತೋಷ, ಪ್ರವಾಸ, ಹಬ್ಬಗಳ ಫೋಟೊ ಹಾಕುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಓದು, ಕೆಲಸ, ಕೌಶಲ್ಯ ಇವುಗಳ ವಿವರ ಇರುತ್ತದೆ. ಕಂಪನಿಗಳ ನೇಮಕಾತಿ ವಿಭಾಗದವರು ಅಭ್ಯರ್ಥಿಗಳನ್ನು ಹುಡುಕುವುದು, ಅರ್ಜಿ ಹಾಕಿದವರು ಎಂಥವರೆಂದು ನೋಡುವುದು ಈಗ ಹೆಚ್ಚಾಗಿ ಇಲ್ಲಿಯೇ.

ಏಕೆ ಬೇಕು

ಬೆಂಗಳೂರಿನ ದೊಡ್ಡ ಕಾಲೇಜುಗಳಿಗೆ ಕಂಪನಿಗಳೇ ಬಂದು ಕ್ಯಾಂಪಸ್ ಆಯ್ಕೆ ನಡೆಸುತ್ತವೆ. ತಾಲ್ಲೂಕು ಕೇಂದ್ರದ ಕಾಲೇಜುಗಳಿಗೆ ಬರುವ ಕಂಪನಿಗಳು ಕಡಿಮೆ. ಅಲ್ಲಿ ಓದುವ ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿಲ್ಲ, ಪರಿಚಯಕ್ಕೆ ಕೊರತೆ. ವ್ಯಾಪಾರ, ಒಕ್ಕಲುತನದ ಮನೆಗಳಲ್ಲಿ ಸಂತೆ, ಮಂಡಿ, ಸಗಟು ವ್ಯಾಪಾರಿಗಳ ಪರಿಚಯ ಬೇಕಾದಷ್ಟು ಇರುತ್ತದೆ. ಆದರೆ ಮಗಳು ಬಿ.ಕಾಂ. ಮುಗಿಸಿ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಬೇಕೆಂದರೆ, ಮಗ ಇಂಜಿನಿಯರಿಂಗ್ ಮುಗಿಸಿ ವಿನ್ಯಾಸ ವಿಭಾಗಕ್ಕೆ ಸೇರಬೇಕೆಂದರೆ ಯಾರನ್ನು ಕೇಳಬೇಕೆಂದು ತಂದೆ ತಾಯಿಗೆ ತಿಳಿಯುವುದಿಲ್ಲ. ಈ ಅಸಹಾಯಕತೆಯಲ್ಲಿಯೇ ಕೆಲವು ಕುಟುಂಬಗಳು ‘ಕೆಲಸ ಕೊಡಿಸುತ್ತೇನೆ’ ಎನ್ನುವ ಮಧ್ಯವರ್ತಿಗಳಿಗೆ ಹಣ ಕೊಟ್ಟು ಕಳೆದುಕೊಳ್ಳುತ್ತವೆ. ಖರ್ಚಿಲ್ಲದೆ ನೇರವಾಗಿ ಕಂಪನಿಗಳನ್ನೂ, ಅಲ್ಲಿ ಕೆಲಸ ಮಾಡುವ ಹಿರಿಯ ವಿದ್ಯಾರ್ಥಿಗಳನ್ನೂ ತಲುಪಲು ಲಿಂಕ್ಡ್‌ಇನ್ ಒಂದು ದಾರಿ.

ಒಂದು ಮಾತು ಮೊದಲೇ ಸ್ಪಷ್ಟವಿರಲಿ. ಪ್ರೊಫೈಲ್ ಮಾಡಿದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಅದು ಅಂಗಡಿಯ ಮುಂದಿನ ಬೋರ್ಡು ಇದ್ದಂತೆ. ಬೋರ್ಡು ಓದಿ ಗಿರಾಕಿ ಒಳಗೆ ಬರಬಹುದು, ಆದರೆ ಒಳಗೆ ಸರಕು ಇರಬೇಕು. ಓದು, ಕೌಶಲ್ಯ, ನಡತೆ ಇವೇ ಸರಕು.

ಖಾತೆ ತೆರೆಯುವುದು

ಖಾತೆ ತೆರೆಯಲು ಕನಿಷ್ಠ 16 ವರ್ಷ ತುಂಬಿರಬೇಕು. ಸಾಮಾನ್ಯ ಖಾತೆಗೆ ಶುಲ್ಕವಿಲ್ಲ. ಕಾಲೇಜು ಕೊಡುವ ಇ-ಮೇಲ್ ವಿಳಾಸ ಓದು ಮುಗಿದ ಮೇಲೆ ನಿಂತುಹೋಗಬಹುದು. ಆದ್ದರಿಂದ ತಮ್ಮ ಹೆಸರಿನಲ್ಲಿರುವ ಸ್ವಂತ ಇ-ಮೇಲ್‌ನಿಂದಲೇ ಖಾತೆ ತೆರೆಯುವುದು ಒಳ್ಳೆಯದು. ‘ಕಿಂಗ್’, ‘ಲವ್ಲಿ’ ಎಂದೆಲ್ಲ ಇರುವ ಹಳೆಯ ವಿಳಾಸ ಬೇಡ.

ಹೆಸರನ್ನು ಅಂಕಪಟ್ಟಿಯಲ್ಲಿರುವಂತೆಯೇ ಬರೆಯಬೇಕು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಇನಿಶಿಯಲ್‌ಗಳಾಗಿ ಮುಂದೆಯೂ ಹಿಂದೆಯೂ ಬರುವುದುಂಟು. ಅರ್ಜಿಯಲ್ಲಿ ಒಂದು, ಪ್ರೊಫೈಲ್‌ನಲ್ಲಿ ಇನ್ನೊಂದು, ಪ್ಯಾನ್ ಕಾರ್ಡಿನಲ್ಲಿ ಮತ್ತೊಂದು ಹೆಸರಿದ್ದರೆ ಮುಂದೆ ದಾಖಲೆ ಪರಿಶೀಲನೆಯ ಸಮಯದಲ್ಲಿ ತೊಂದರೆಯಾಗುತ್ತದೆ.

ಖಾತೆ ತೆರೆದ ದಿನವೇ ಎರಡು ಹಂತದ ಭದ್ರತೆಯನ್ನು ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಬೇಕು. ಪ್ರೊಫೈಲ್‌ನ ಕೊಂಡಿಯಲ್ಲಿ ಹೆಸರಿನ ಮುಂದೆ ತಾಣವೇ ಸೇರಿಸಿದ ಅಂಕಿ ಅಕ್ಷರಗಳಿರುತ್ತವೆ. ಅದನ್ನು ಬದಲಿಸಿ ತಮ್ಮ ಹೆಸರು ಮಾತ್ರ ಬರುವಂತೆ ಮಾಡಿಕೊಂಡರೆ ಬಯೋಡೇಟಾದಲ್ಲಿ ಹಾಕಲು ಚೆನ್ನಾಗಿರುತ್ತದೆ.

ತಾಣದ ಬಳಕೆಗೆ 2021ರಿಂದ ಹಿಂದಿ ಭಾಷೆಯ ಸೌಲಭ್ಯವೂ ಇದೆ. ಆದರೂ ನೇಮಕಾತಿಯವರು ಇಂಗ್ಲಿಷ್ ಪದಗಳನ್ನು ಟೈಪ್ ಮಾಡಿ ಹುಡುಕುವುದರಿಂದ ಪ್ರೊಫೈಲನ್ನು ಸರಳ ಇಂಗ್ಲಿಷಿನಲ್ಲಿ ಬರೆಯುವುದೇ ಉಪಯುಕ್ತ. ಕನ್ನಡ ಮಾಧ್ಯಮದಲ್ಲಿ ಓದಿದವರು ಅಂಜಬೇಕಾಗಿಲ್ಲ. ಮೊದಲು ಕನ್ನಡದಲ್ಲಿ ಬರೆದುಕೊಂಡು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತಂದು, ಅಧ್ಯಾಪಕರೊಬ್ಬರಿಂದ ತಿದ್ದಿಸಿಕೊಂಡರೆ ಸಾಕು.

ಫೋಟೊ

ಮದುವೆಯ ಗುಂಪು ಫೋಟೊದಿಂದ ಕತ್ತರಿಸಿದ ಚಿತ್ರ, ಕಪ್ಪು ಕನ್ನಡಕದ ಚಿತ್ರ, ಸೆಲ್ಫಿ ಬೇಡ. ಬೆಳಗಿನ ಹೊತ್ತು ಕಿಟಕಿಯ ಕಡೆ ಮುಖಮಾಡಿ ನಿಂತು, ಹಿಂದೆ ಖಾಲಿ ಗೋಡೆ ಇರುವಂತೆ, ಮನೆಯವರಿಂದ ಮೊಬೈಲಿನಲ್ಲಿ ತೆಗೆಸಿಕೊಂಡ ತಲೆಯಿಂದ ಭುಜದವರೆಗಿನ ಫೋಟೊ ಸಾಕು. ಸ್ಟುಡಿಯೊ ಖರ್ಚು ಬೇಕಿಲ್ಲ. ಕೋಟು ಟೈ ಕಡ್ಡಾಯವಲ್ಲ. ಶುಭ್ರವಾದ ಅಂಗಿ, ಚೂಡಿದಾರ, ಸೀರೆ ಯಾವುದಾದರೂ ಸರಿ.

ಹೆಣ್ಣುಮಕ್ಕಳ ಫೋಟೊ ಅಂತರ್ಜಾಲದಲ್ಲಿ ಇರುವುದರ ಬಗ್ಗೆ ಹಲವು ಮನೆಗಳಲ್ಲಿ ಆತಂಕವಿದೆ. ಅದು ಅಕಾರಣವಲ್ಲ. ಇದಕ್ಕೆ ಪರಿಹಾರ ಪ್ರೊಫೈಲೇ ಬೇಡವೆನ್ನುವುದಲ್ಲ. ಫೋಟೊ ಯಾರಿಗೆ ಕಾಣಬೇಕೆಂದು ನಿರ್ಧರಿಸುವ ಸೌಲಭ್ಯ ತಾಣದಲ್ಲಿಯೇ ಇದೆ. ಎಲ್ಲರಿಗೂ, ಲಿಂಕ್ಡ್‌ಇನ್ ಸದಸ್ಯರಿಗೆ ಮಾತ್ರ, ಅಥವಾ ತಾವು ಒಪ್ಪಿಕೊಂಡ ಸಂಪರ್ಕದವರಿಗೆ ಮಾತ್ರ ಕಾಣುವಂತೆ ಇಡಬಹುದು. ಗೂಗಲ್ ಹುಡುಕಾಟದಲ್ಲಿ ಪ್ರೊಫೈಲ್ ಬಾರದಂತೆಯೂ ಮಾಡಬಹುದು. ಜನ್ಮದಿನ, ಮನೆ ವಿಳಾಸ, ಮೊಬೈಲ್ ಸಂಖ್ಯೆ ಹಾಕಲೇಬೇಕೆಂದಿಲ್ಲ. ಯಾರಾದರೂ ಕೆಲಸದ ವಿಷಯ ಬಿಟ್ಟು ವೈಯಕ್ತಿಕ ಸಂದೇಶ ಕಳಿಸಿದರೆ, ಮದುವೆ ಪ್ರಸ್ತಾಪ ತಂದರೆ, ಉತ್ತರ ಕೊಡದೆ ಬ್ಲಾಕ್ ಮಾಡಿ ತಾಣಕ್ಕೆ ದೂರು ಕೊಡಬಹುದು. ಬ್ಲಾಕ್ ಮಾಡಿದ್ದಾರೆಂದು ಆ ವ್ಯಕ್ತಿಗೆ ಸೂಚನೆ ಹೋಗುವುದಿಲ್ಲ.

ತಲೆಬರಹ

ಹೆಸರಿನ ಕೆಳಗೆ ಬರುವ ಸಾಲೇ ತಲೆಬರಹ. ಇದಕ್ಕೆ 220 ಅಕ್ಷರಗಳವರೆಗೆ ಅವಕಾಶವಿದೆ. ಹುಡುಕಾಟದ ಪಟ್ಟಿಯಲ್ಲಿ ಹೆಸರು, ಫೋಟೊ ಜೊತೆಗೆ ಮೊದಲು ಕಾಣುವುದು ಈ ಸಾಲು. ಬಹಳ ಮಂದಿ ಇಲ್ಲಿ ‘ವಿದ್ಯಾರ್ಥಿ’ ಎಂದಷ್ಟೇ ಬರೆದು ಬಿಡುತ್ತಾರೆ. ಲಕ್ಷಾಂತರ ವಿದ್ಯಾರ್ಥಿಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ಕೆಲವರು ‘ಭವಿಷ್ಯದ ನಾಯಕ’, ‘ಕನಸುಗಾರ’ ಎಂದು ಬರೆಯುತ್ತಾರೆ. ಅದರಿಂದಲೂ ಏನೂ ತಿಳಿಯುವುದಿಲ್ಲ.

ಏನು ಓದುತ್ತಿದ್ದಾರೆ, ಏನು ಬರುತ್ತದೆ, ಏನನ್ನು ಹುಡುಕುತ್ತಿದ್ದಾರೆ ಈ ಮೂರು ವಿಷಯ ಅದರಲ್ಲಿ ಇರಬೇಕು. ಉದಾಹರಣೆಗೆ:

‘ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿನಿ | ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಬಿಲ್ಲಿಂಗ್ | ಲೆಕ್ಕಪತ್ರ ವಿಭಾಗದಲ್ಲಿ ಇಂಟರ್ನ್‌ಶಿಪ್ ಬೇಕಾಗಿದೆ’

‘3ನೇ ವರ್ಷದ ಮೆಕ್ಯಾನಿಕಲ್ ಇಂಜಿನಿಯರಿಂಗ್ | ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ | ಯಂತ್ರಭಾಗಗಳ ವಿನ್ಯಾಸದಲ್ಲಿ ಆಸಕ್ತಿ’

ಪರಿಚಯ ಭಾಗ

‘ಅಬೌಟ್’ ಎಂಬ ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು. ಅಷ್ಟನ್ನೂ ತುಂಬಿಸುವ ಅಗತ್ಯವಿಲ್ಲ. 3 ಚಿಕ್ಕ ಪ್ಯಾರಾ ಸಾಕು. ಮೊದಲನೆಯದರಲ್ಲಿ ಓದು ಮತ್ತು ಆಸಕ್ತಿ. ಎರಡನೆಯದರಲ್ಲಿ ಮಾಡಿರುವ ಒಂದೆರಡು ಕೆಲಸಗಳ ನಿಜವಾದ ವಿವರ. ಮೂರನೆಯದರಲ್ಲಿ ಮುಂದೆ ಯಾವ ಬಗೆಯ ಕೆಲಸ ಬೇಕು, ಯಾವ ಊರಿಗೆ ಹೋಗಲು ಸಿದ್ಧ ಎಂಬುದು. ಪುಟ ತೆರೆದಾಗ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು ಕಾಣಲು ಒತ್ತಬೇಕು. ಆದ್ದರಿಂದ ಮುಖ್ಯ ವಿಷಯ ಮೊದಲೇ ಬರಲಿ.

ಈಚೆಗೆ ಈ ಭಾಗವನ್ನು ಎಐ ಉಪಕರಣಗಳಿಂದ ಬರೆಸುವ ರೂಢಿ ಬಂದಿದೆ. ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಲು ಅದು ನೆರವಾಗುತ್ತದೆ. ಆದರೆ ಪೂರ್ತಿ ಬರೆಸಿದರೆ ತರಗತಿಯ 60 ಮಂದಿಯದೂ ಒಂದೇ ರೀತಿ ಕಾಣುತ್ತದೆ. ಸಂದರ್ಶನದಲ್ಲಿ ‘ಇಲ್ಲಿ ಬರೆದಿದ್ದೀರಲ್ಲ, ವಿವರಿಸಿ’ ಎಂದು ಕೇಳಿದಾಗ ತಡವರಿಸುವಂತಾಗುತ್ತದೆ.

ಅನುಭವವಿಲ್ಲ ಎನ್ನುವವರಿಗೆ

‘ನಾನಿನ್ನೂ ಓದುತ್ತಿದ್ದೇನೆ, ಅನುಭವದ ಜಾಗದಲ್ಲಿ ಏನು ಬರೆಯಲಿ?’ ಎಂಬುದು ಹೆಚ್ಚಿನ ವಿದ್ಯಾರ್ಥಿಗಳ ಪ್ರಶ್ನೆ. ವಾಸ್ತವವಾಗಿ ಬಹಳಷ್ಟು ಮಕ್ಕಳು ಅನುಭವವನ್ನು ಮನೆಯಲ್ಲೇ ಇಟ್ಟುಕೊಂಡು ಇಲ್ಲವೆನ್ನುತ್ತಾರೆ. ಕಾಲೇಜಿನಿಂದ ಬಂದು ಸಂಜೆ ಅಂಗಡಿಯ ಗಲ್ಲಾದಲ್ಲಿ ಕುಳಿತು ಬಿಲ್ ಮಾಡುವ ಹುಡುಗ, ಅಪ್ಪನ ಮೊಬೈಲಿನಲ್ಲಿ ಸಗಟು ವ್ಯಾಪಾರಿಗಳಿಗೆ ಆರ್ಡರ್ ಕಳಿಸುವ ಹುಡುಗಿ, ರಜೆಯಲ್ಲಿ ಸ್ಟಾಕ್ ಎಣಿಸಿ ಬರೆದಿಡುವ ಅಣ್ಣ ತಂಗಿ, ಇವರೆಲ್ಲ ಕೆಲಸ ಮಾಡಿದವರೇ. ಅದನ್ನು ಹೇಗೆ ಬರೆಯಬೇಕೆಂಬುದು ಮುಖ್ಯ.

ತಪ್ಪು ರೀತಿ: ‘ಮ್ಯಾನೇಜಿಂಗ್ ಡೈರೆಕ್ಟರ್, ಕುಟುಂಬದ ಉದ್ಯಮ’.

ಸರಿಯಾದ ರೀತಿ: ‘ಲೆಕ್ಕಪತ್ರ ಸಹಾಯಕ (ಅರೆಕಾಲಿಕ), ಕುಟುಂಬದ ಕಿರಾಣಿ ಅಂಗಡಿ. ತಿಂಗಳಿಗೆ ಸುಮಾರು 150 ಖರೀದಿ ಬಿಲ್‌ಗಳನ್ನು ಟ್ಯಾಲಿಯಲ್ಲಿ ನಮೂದಿಸುವುದು. ತಿಂಗಳ ಕೊನೆಗೆ ಸ್ಟಾಕ್ ತಾಳೆ ನೋಡುವುದು. ಜಿಎಸ್‌ಟಿಆರ್-1 ಸಲ್ಲಿಕೆಗೆ ಮಾರಾಟದ ಪಟ್ಟಿ ಸಿದ್ಧಪಡಿಸಿ ಲೆಕ್ಕಪರಿಶೋಧಕರಿಗೆ ಕೊಡುವುದು.’

ಎರಡನೆಯದನ್ನು ಓದಿದವರಿಗೆ ಹುಡುಗನಿಗೆ ಏನು ಗೊತ್ತೆಂದು ತಕ್ಷಣ ತಿಳಿಯುತ್ತದೆ. ಸಂಖ್ಯೆ ನಿಜವಾದದ್ದೇ ಆಗಿರಬೇಕು. 40 ಬಿಲ್ ಇದ್ದರೆ 40 ಎಂದೇ ಬರೆಯಲಿ. ಒಂದು ಎಚ್ಚರಿಕೆಯೂ ಬೇಕು. ಅಂಗಡಿಯ ವಹಿವಾಟಿನ ಮೊತ್ತ, ಗಿರಾಕಿಗಳ ಹೆಸರು, ಯಾರಿಂದ ಯಾವ ದರಕ್ಕೆ ಮಾಲು ಬರುತ್ತದೆ ಎಂಬುದು ಮನೆಯ ಗುಟ್ಟು. ಅದನ್ನು ಬರೆಯಬಾರದು.

ಹೊಲದ ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರದ ಲೆಕ್ಕ ಇಟ್ಟ ಕೃಷಿ ಪದವಿ ವಿದ್ಯಾರ್ಥಿ, ಕಾಲೇಜಿನ ಎನ್‌ಎಸ್‌ಎಸ್ ಶಿಬಿರದ ಖರ್ಚು ನೋಡಿಕೊಂಡ ವಿದ್ಯಾರ್ಥಿನಿ, ಸಮಾಜದ ಕಾರ್ಯಕ್ರಮಗಳಲ್ಲಿ ಊಟದ ವ್ಯವಸ್ಥೆ, ನೋಂದಣಿ ಕೌಂಟರ್ ಜವಾಬ್ದಾರಿ ಹೊತ್ತವರು ಇವನ್ನು ‘ಸ್ವಯಂಸೇವೆ’ ಭಾಗದಲ್ಲಿ ಬರೆಯಬಹುದು. ಎಷ್ಟು ದಿನ, ಯಾವ ಜವಾಬ್ದಾರಿ, ಎಷ್ಟು ಜನರೊಂದಿಗೆ ಎಂದು ಹೇಳಿದರೆ ಸಾಕು. ಕಾಲೇಜಿನ ಪ್ರಾಜೆಕ್ಟ್‌ಗಳಿಗೆ ಪ್ರತ್ಯೇಕ ಭಾಗವಿದೆ. ಗುಂಪಿನಲ್ಲಿ ಮಾಡಿದ್ದಾದರೆ ಗೆಳೆಯರ ಹೆಸರನ್ನೂ ಸೇರಿಸಿ, ತಾನು ಮಾಡಿದ ಪಾಲು ಇಷ್ಟು ಎಂದು ಬರೆಯುವುದು ನ್ಯಾಯ.

ವಿದ್ಯಾಭ್ಯಾಸ, ಕೌಶಲ್ಯ, ಭಾಷೆ

ವಿದ್ಯಾಭ್ಯಾಸದ ಭಾಗದಲ್ಲಿ ಕಾಲೇಜಿನ ಹೆಸರು ಟೈಪ್ ಮಾಡುವಾಗ ಕೆಳಗೆ ಬರುವ ಪಟ್ಟಿಯಿಂದ ತಮ್ಮ ಕಾಲೇಜಿನ ಅಧಿಕೃತ ಪುಟವನ್ನೇ ಆರಿಸಬೇಕು. ನಮ್ಮ ರಾಜ್ಯದಲ್ಲಿ ಒಂದೊಂದು ವಿಶ್ವವಿದ್ಯಾಲಯದ ಅಡಿಯಲ್ಲಿ ಹಲವಾರು ಕಾಲೇಜುಗಳಿರುವುದರಿಂದ ವಿಶ್ವವಿದ್ಯಾಲಯದ ಹೆಸರನ್ನು ಮಾತ್ರ ಹಾಕಿದರೆ ಕಾಲೇಜಿನ ಹಿರಿಯ ವಿದ್ಯಾರ್ಥಿಗಳ ಪಟ್ಟಿಗೆ ಹೆಸರು ಸೇರುವುದಿಲ್ಲ. ವಿಶ್ವವಿದ್ಯಾಲಯದ ಹೆಸರನ್ನು ವಿವರದಲ್ಲಿ ಬರೆಯಬಹುದು.

ಕೌಶಲ್ಯಗಳ ಪಟ್ಟಿ ಉದ್ದವಾಗಿರಬೇಕೆಂದಿಲ್ಲ. ಪರೀಕ್ಷೆಗೆ ಕುಳಿತುಕೊ ಎಂದರೆ ಈಗಲೇ ಮಾಡಿ ತೋರಿಸಬಲ್ಲ 8-10 ಕೌಶಲ್ಯ ಇದ್ದರೆ ಸಾಕು. ಪ್ರಮಾಣಪತ್ರಗಳ ವಿಷಯದಲ್ಲಿ, ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ಮತ್ತು ಐಐಟಿಗಳು, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಒಂದು ಗಂಟೆಯ ವೆಬಿನಾರ್‌ಗಳ 30 ಪ್ರಮಾಣಪತ್ರಗಳಿಗಿಂತ ಪೂರ್ತಿ ಕಲಿತ 2 ಕೋರ್ಸ್‌ಗಳಿಗೆ ಬೆಲೆ ಹೆಚ್ಚು.

ಅಂಕಪಟ್ಟಿ, ಆಧಾರ್, ಪ್ಯಾನ್ ಕಾರ್ಡ್‌ಗಳ ಫೋಟೊವನ್ನು ಪುಟದಲ್ಲಿ ಎಂದಿಗೂ ಹಾಕಬಾರದು.

ಭಾಷೆಗಳ ಭಾಗವನ್ನು ನಮ್ಮ ಮಕ್ಕಳು ಖಾಲಿ ಬಿಡುತ್ತಾರೆ. ಬೆಳಗಾವಿಯ ಕಡೆಯವರಿಗೆ ಕನ್ನಡ, ಮರಾಠಿ, ಹಿಂದಿ, ದಕ್ಷಿಣ ಕನ್ನಡದವರಿಗೆ ಕನ್ನಡ, ತುಳು, ಹಿಂದಿ ಸಹಜವಾಗಿ ಬರುತ್ತವೆ. ಮನೆಯಲ್ಲಿ ಗುಜರಾತಿ ಅಥವಾ ಮಾರವಾಡಿ ಆಡುವವರೂ ಇದ್ದಾರೆ. ಬ್ಯಾಂಕು, ವಿಮೆ, ಮಾರಾಟ ವಿಭಾಗಗಳಲ್ಲಿ ಸ್ಥಳೀಯ ಭಾಷೆ ಬಲ್ಲವರಿಗೆ ಬೇಡಿಕೆಯಿದೆ. ಪ್ರತಿ ಭಾಷೆಯ ಮುಂದೆ ಎಷ್ಟು ಬರುತ್ತದೆಂಬ ಮಟ್ಟವನ್ನೂ ಸೂಚಿಸಬಹುದು.

ಸಂಪರ್ಕ ಬೆಳೆಸುವುದು

ಮೊದಲು ಗೊತ್ತಿರುವವರಿಂದ ಆರಂಭಿಸಬೇಕು: ಸಹಪಾಠಿಗಳು, ಅಧ್ಯಾಪಕರು, ಹಾಸ್ಟೆಲ್‌ನಲ್ಲಿ ಜೊತೆಗಿದ್ದ ಹಿರಿಯರು, ಕೆಲಸದಲ್ಲಿರುವ ಬಂಧುಗಳು. ನಂತರ ಕಾಲೇಜಿನ ಪುಟ ತೆರೆದರೆ ಹಳೆಯ ವಿದ್ಯಾರ್ಥಿಗಳ ವಿಭಾಗ ಸಿಗುತ್ತದೆ. ಅಲ್ಲಿ ಅವರು ಯಾವ ಊರಿನಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಓದಿದ್ದರು ಎಂದು ವಿಂಗಡಿಸಿ ನೋಡಬಹುದು. ಸಣ್ಣ ಊರಿನ ವಿದ್ಯಾರ್ಥಿಗೆ ಈ ತಾಣದಲ್ಲಿ ಅತ್ಯಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ತನ್ನ ಕಾಲೇಜಿನ ಬೆಂಚಿನಲ್ಲೇ ಕುಳಿತು ಓದಿದವರೊಬ್ಬರು ಪುಣೆಯಲ್ಲೋ ಬೆಂಗಳೂರಿನಲ್ಲೋ ತಾನು ಬಯಸುವ ಕೆಲಸದಲ್ಲಿದ್ದಾರೆಂದು ಕಂಡಾಗ ಧೈರ್ಯ ಬರುತ್ತದೆ, ದಾರಿಯೂ ಕಾಣುತ್ತದೆ.

ಅಪರಿಚಿತರಿಗೆ ಸಂಪರ್ಕ ಕೋರಿಕೆ ಕಳಿಸುವಾಗ ಚಿಕ್ಕ ಟಿಪ್ಪಣಿ ಬರೆಯುವುದು ಮರ್ಯಾದೆ. ಉಚಿತ ಖಾತೆಯಲ್ಲಿ ತಿಂಗಳಿಗೆ ಕೆಲವೇ ಟಿಪ್ಪಣಿಗಳಿಗೆ ಅವಕಾಶವಿರುವುದರಿಂದ ಅವನ್ನು ಯೋಚಿಸಿ ಬಳಸಬೇಕು. ಉದಾಹರಣೆಗೆ:

‘ನಮಸ್ಕಾರ ಮೇಡಂ. ನೀವು ಓದಿದ ಕಾಲೇಜಿನಲ್ಲೇ ಅಂತಿಮ ಬಿ.ಕಾಂ. ಓದುತ್ತಿದ್ದೇನೆ. ಲೆಕ್ಕಪರಿಶೋಧನೆ ಕ್ಷೇತ್ರಕ್ಕೆ ಬರುವ ಆಸೆಯಿದೆ. ಸಂಪರ್ಕದಲ್ಲಿರಲು ಇಚ್ಛಿಸುತ್ತೇನೆ.’

ಒಪ್ಪಿಕೊಂಡ ಕೂಡಲೇ ‘ಕೆಲಸ ಕೊಡಿಸಿ’ ಎನ್ನಬಾರದು. ‘ಈ ಕ್ಷೇತ್ರಕ್ಕೆ ಬರಲು ಮೊದಲು ಏನು ಕಲಿತರೆ ಒಳ್ಳೆಯದು?’ ಎಂದು ಒಂದೇ ಪ್ರಶ್ನೆ ಕೇಳಬೇಕು. ಉತ್ತರ ಬಂದರೆ ಧನ್ಯವಾದ ಹೇಳಿ, ಹೇಳಿದ್ದನ್ನು ಕಲಿತು, ಕೆಲವು ತಿಂಗಳ ನಂತರ ‘ನೀವು ಹೇಳಿದ ಕೋರ್ಸ್ ಮುಗಿಸಿದೆ’ ಎಂದು ತಿಳಿಸಿದರೆ ಅವರಿಗೂ ನೆನಪಿರುತ್ತದೆ. ಸಿ.ಎ. ವಿದ್ಯಾರ್ಥಿಗಳು 2 ವರ್ಷದ ಆರ್ಟಿಕಲ್‌ಶಿಪ್‌ಗೆ ಸಂಸ್ಥೆ ಹುಡುಕುವಾಗಲೂ ಈ ರೀತಿಯ ಪರಿಚಯ ನೆರವಿಗೆ ಬರುತ್ತದೆ. ಉತ್ತರ ಬಾರದಿದ್ದರೆ ಬೇಸರ ಬೇಡ. ಎಲ್ಲರಿಗೂ ಅವರದೇ ಒತ್ತಡಗಳಿರುತ್ತವೆ.

ಹಾಕುವ ಪೋಸ್ಟ್‌ಗಳಷ್ಟೇ ಅಲ್ಲ, ಬೇರೆಯವರ ಪೋಸ್ಟ್‌ಗೆ ಬರೆದ ಮಾತುಗಳೂ ಪ್ರೊಫೈಲ್‌ನಲ್ಲಿ ಕಾಣುತ್ತವೆ. ರಾಜಕೀಯ ಜಗಳ, ಕಾಲೇಜಿನ ಮೇಲಿನ ಸಿಟ್ಟು ಇಲ್ಲಿಗೆ ತರಬಾರದು. ತಿಂಗಳಿಗೆ ಒಂದೆರಡು ಬಾರಿ ಕಲಿತ ವಿಷಯದ ಬಗ್ಗೆ ನಾಲ್ಕು ಸಾಲು ಬರೆದರೆ ಸಾಕು.

ಅರ್ಜಿ ಮತ್ತು ಇಂಟರ್ನ್‌ಶಿಪ್

ಉದ್ಯೋಗಗಳ ವಿಭಾಗದಲ್ಲಿ ಇಂಟರ್ನ್‌ಶಿಪ್, ಆರಂಭಿಕ ಹುದ್ದೆ ಎಂಬ ಆಯ್ಕೆಗಳನ್ನು ಒತ್ತಿ, ಊರಿನ ಹೆಸರು ಹಾಕಿ ಹುಡುಕಬಹುದು. ಅದೇ ಬಗೆಯ ಹೊಸ ಹುದ್ದೆ ಬಂದಾಗ ಸೂಚನೆ ಬರುವಂತೆಯೂ ಇಡಬಹುದು. ‘ಕೆಲಸಕ್ಕೆ ಸಿದ್ಧ’ ಎಂಬ ಸೂಚನೆಯನ್ನು ಎರಡು ರೀತಿ ಹಾಕಬಹುದು. ಒಂದರಲ್ಲಿ ಫೋಟೊ ಸುತ್ತ ಹಸಿರು ಪಟ್ಟಿ ಬಂದು ಎಲ್ಲರಿಗೂ ಕಾಣುತ್ತದೆ. ಇನ್ನೊಂದರಲ್ಲಿ ನೇಮಕಾತಿಯವರಿಗೆ ಮಾತ್ರ ಕಾಣುತ್ತದೆ. ವಿದ್ಯಾರ್ಥಿಗಳು ಯಾವುದನ್ನಾದರೂ ಬಳಸಬಹುದು.

ತಿಂಗಳ ಶುಲ್ಕದ ‘ಪ್ರೀಮಿಯಂ’ ಸೇವೆ ವಿದ್ಯಾರ್ಥಿಗಳಿಗೆ ಅಗತ್ಯವಿಲ್ಲ. ಮೊದಲ ತಿಂಗಳು ಉಚಿತವೆಂದು ಕಾರ್ಡ್ ವಿವರ ಕೊಟ್ಟು, ಅವಧಿಯೊಳಗೆ ರದ್ದು ಮಾಡಲು ಮರೆತರೆ ತಂದೆಯ ಖಾತೆಯಿಂದ ಹಣ ಕಡಿತವಾಗುತ್ತದೆ.

ಮೋಸದಿಂದ ಎಚ್ಚರಿಕೆ

ಒಳ್ಳೆಯವರಿರುವ ಕಡೆ ಮೋಸಗಾರರೂ ಇರುತ್ತಾರೆ. ಮನೆಯವರೆಲ್ಲ ತಿಳಿದಿರಬೇಕಾದ ಅಂಶಗಳು ಇವು:

1. ಕೆಲಸ ಕೊಡುವವರು ಹಣ ಕೇಳುವುದಿಲ್ಲ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಠೇವಣಿ ಯಾವ ಹೆಸರಿನಲ್ಲಿ ಕೇಳಿದರೂ ಅಲ್ಲಿಗೆ ಮಾತು ನಿಲ್ಲಿಸಬೇಕು.

2. ದೊಡ್ಡ ಕಂಪನಿಯ ಹೆಸರು ಹೇಳಿ ಸಾಮಾನ್ಯ ಜಿಮೇಲ್ ವಿಳಾಸದಿಂದ ಬರುವ ನೇಮಕಾತಿ ಪತ್ರ ನಂಬಬಾರದು. ಕಂಪನಿಯ ಸ್ವಂತ ಜಾಲತಾಣದಲ್ಲಿ ಆ ಹುದ್ದೆ ಇದೆಯೇ ಎಂದು ನೋಡಬೇಕು.

3. ‘ವಿಡಿಯೊ ಲೈಕ್ ಮಾಡಿದರೆ ದಿನಕ್ಕೆ ಸಾವಿರಾರು ರೂಪಾಯಿ’ ಎಂದು ಟೆಲಿಗ್ರಾಂ ಗುಂಪಿಗೆ ಕರೆಯುವುದು ಮೋಸ. ಮೊದಲು ಸ್ವಲ್ಪ ಹಣ ಕೊಟ್ಟು ನಂಬಿಸಿ, ನಂತರ ದೊಡ್ಡ ಮೊತ್ತ ಹಾಕಿಸಿಕೊಳ್ಳುತ್ತಾರೆ.

4. ಸಂದರ್ಶನದ ನೆಪದಲ್ಲಿ ಮೊಬೈಲಿಗೆ, ಕಂಪ್ಯೂಟರಿಗೆ ಯಾವುದೋ ಆ್ಯಪ್ ಅಥವಾ ಫೈಲ್ ಹಾಕಿಸಿದರೆ ಒಪ್ಪಬಾರದು. ಒಟಿಪಿ ಹೇಳಬಾರದು.

5. ಥಾಯ್ಲೆಂಡ್, ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳಲ್ಲಿ ಕಂಪ್ಯೂಟರ್ ಕೆಲಸವೆಂದು ಯುವಕರನ್ನು ಕರೆದೊಯ್ದು ಸೈಬರ್ ವಂಚನೆಯ ಕೆಲಸಕ್ಕೆ ದೂಡಿದ ಪ್ರಕರಣಗಳ ಬಗ್ಗೆ ಭಾರತದ ವಿದೇಶಾಂಗ ಸಚಿವಾಲಯ ಎಚ್ಚರಿಕೆ ನೀಡಿದೆ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕರೆದರೆ ಹೋಗಬಾರದು. ವಿದೇಶಕ್ಕೆ ಕಳಿಸುವ ಏಜೆಂಟರು ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲೂ ದೂರು ದಾಖಲಿಸಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಕ್ಕಳು ಮೋಸಹೋದಾಗ ಮನೆಯಲ್ಲಿ ಬೈಗುಳದ ಭಯವಿದ್ದರೆ ಅವರು ಹೇಳುವುದೇ ತಡವಾಗುತ್ತದೆ. ಮೊದಲು ದೂರು, ಬುದ್ಧಿಮಾತು ಆಮೇಲೆ.

ವರ್ಷವಾರು ಕ್ರಮ

ಮೊದಲ ವರ್ಷ: ಖಾತೆ, ಫೋಟೊ, ವಿದ್ಯಾಭ್ಯಾಸ, ಭಾಷೆಗಳು. ಗೊತ್ತಿರುವ 40-50 ಜನರ ಸಂಪರ್ಕ.

ಎರಡನೇ ವರ್ಷ: ಒಂದು ಕೋರ್ಸ್ ಪೂರ್ತಿ ಮುಗಿಸುವುದು. ಒಂದು ಪ್ರಾಜೆಕ್ಟ್ ಅಥವಾ ಅಂಗಡಿಯ ಕೆಲಸದ ವಿವರ ಬರೆಯುವುದು. ಹಳೆಯ ವಿದ್ಯಾರ್ಥಿಗಳ ಪರಿಚಯ ಆರಂಭಿಸುವುದು.

ಅಂತಿಮ ವರ್ಷ: ತಲೆಬರಹ ಬದಲಿಸುವುದು, ಒಬ್ಬ ಅಧ್ಯಾಪಕರು ಮತ್ತು ಇಂಟರ್ನ್‌ಶಿಪ್ ಮಾಡಿದ ಕಡೆಯ ಒಬ್ಬರಿಂದ ಶಿಫಾರಸು ಮಾತು ಬರೆಸಿಕೊಳ್ಳುವುದು, ವಾರಕ್ಕೆ 4-5 ಸೂಕ್ತ ಅರ್ಜಿ. ಸಿಕ್ಕಸಿಕ್ಕ ನೂರು ಕಡೆ ಹಾಕುವುದಕ್ಕಿಂತ ಓದಿ ನೋಡಿ ಹಾಕಿದ 5 ಅರ್ಜಿ ಮೇಲು.

ಹಿರಿಯರು ಮಾಡಬಹುದಾದದ್ದು

ಈಗಾಗಲೇ ಕೆಲಸದಲ್ಲಿರುವ, ಉದ್ಯಮ ನಡೆಸುತ್ತಿರುವ ಸಮಾಜದವರು ತಮ್ಮ ಊರಿನ, ತಮ್ಮ ಕಾಲೇಜಿನ ವಿದ್ಯಾರ್ಥಿಯಿಂದ ಕೋರಿಕೆ ಬಂದಾಗ ಎರಡು ನಿಮಿಷ ಕೊಟ್ಟು ಉತ್ತರಿಸಿದರೆ ಅದೇ ದೊಡ್ಡ ಸಹಾಯ. ಕೆಲಸ ಕೊಡಲಾಗದಿದ್ದರೂ ‘ಇದನ್ನು ಕಲಿ’ ಎಂಬ ಒಂದು ಮಾತು ಹೇಳಬಹುದು. ಅಂಗಡಿ, ಕಾರ್ಖಾನೆ ಇರುವವರು ರಜೆಯಲ್ಲಿ ಒಬ್ಬಿಬ್ಬರಿಗೆ 1 ತಿಂಗಳ ತರಬೇತಿಗೆ ಅವಕಾಶ ಕೊಟ್ಟು, ಅವರು ಮಾಡಿದ ಕೆಲಸವನ್ನು ಇದ್ದದ್ದು ಇದ್ದಂತೆ ಪತ್ರದಲ್ಲಿ ಬರೆದುಕೊಟ್ಟರೆ ಆ ಮಗುವಿನ ಪ್ರೊಫೈಲ್‌ನ ಮೊದಲ ಸಾಲು ಅಲ್ಲಿಂದಲೇ ಶುರುವಾಗುತ್ತದೆ.

ತಂದೆ ತಾಯಿಗಳು ಪಕ್ಕದ ಮನೆಯ ಮಗುವಿನ ಪುಟದೊಂದಿಗೆ ಹೋಲಿಸದೆ, ಒಂದು ಭಾನುವಾರ ಮಕ್ಕಳ ಜೊತೆ ಕುಳಿತು ಅವರ ಪ್ರೊಫೈಲ್ ಓದಿಸಿಕೊಂಡು ಕೇಳಲಿ. ಅಂಗಡಿಯಲ್ಲಿ ಮಗ ಏನೆಲ್ಲ ಮಾಡುತ್ತಾನೆ, ಮಗಳು ಯಾವ ಲೆಕ್ಕ ನೋಡುತ್ತಾಳೆ ಎಂಬುದು ಅವರಿಗಿಂತ ಚೆನ್ನಾಗಿ ಮನೆಯವರಿಗೆ ಗೊತ್ತಿರುತ್ತದೆ. ಬರೆಯಲು ಮರೆತದ್ದನ್ನು ಅವರೇ ನೆನಪಿಸಬಲ್ಲರು. ಹೆಚ್ಚು ಬರೆದಿದ್ದರೆ ಅಳಿಸಲು ಹೇಳಬಲ್ಲವರೂ ಅವರೇ.